ಫೈಟಿಗೆ ಮುಂಚೆ ಊಟವೋ, ಊಟಕ್ಕೆ ಮುಂಚೆ ಫೈಟೋ

ಆಕ್ಷನ್ ಸಿನಿಮಾಕ್ಕೆ ಕಥೆ ಬರೆಯುವವನ ಬಾಳಿನಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಡೆಯದೇ ಉಳಿಯುವುದು ಅವನು ಬರೆದ ಕಥೆಯೊಂದೇ. ನಾನು ತಮಿಳುನಾಡಿನ ಗಡಿಯ ಹೊಸೂರಿನಲ್ಲಿ ಕನ್ನಡ ಮೇಷ್ಟ್ರು. ವಾರವೆಲ್ಲ ಮಕ್ಕಳ ಪ್ರಬಂಧ ತಿದ್ದುತ್ತೇನೆ, ಭಾನುವಾರ ಬೆಂಗಳೂರು ಬಸ್ಸು ಹತ್ತಿ ಹೋಗಿ ನನ್ನ ಪ್ರಬಂಧ ತಿದ್ದಿಸಿಕೊಂಡು ಬರುತ್ತೇನೆ. ಮಕ್ಕಳು ತಪ್ಪು ಬರೆದು ಬೈಸಿಕೊಳ್ಳುತ್ತಾರೆ, ನಾನು ಸರಿಯಾಗಿ ಬರೆದು ಬೈಸಿಕೊಳ್ಳುತ್ತೇನೆ, ಅಷ್ಟೇ ವ್ಯತ್ಯಾಸ.

ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಆಕಳಿಕೆ ಬರುತ್ತದೆ. ನಾನು ಬರೆದ ಪೊಲೀಸು ತೆರೆಗೆ ಬರುವ ಹೊತ್ತಿಗೆ ಕಳ್ಳನಾಗಿದ್ದಾನೆ, ನಾನು ಬರೆದ ಮಳೆ ಬೆಂಕಿಯಾಗಿದೆ, ನಾನು ಬರೆದ ಅಜ್ಜಿ ಹೆಲಿಕಾಪ್ಟರ್ ಆಗಿದ್ದಾಳೆ. ಏನು ಬೇಕಾದರೂ ಮಾಡಿಕೊಳ್ಳಲಿ ಅಂತ ಬಿಟ್ಟುಬಿಟ್ಟಿದ್ದೆ. ಆದರೆ ಕಳೆದ ಸಲದ ಸಿನಿಮಾದಲ್ಲಿ ಮಾತ್ರ ಹಾಗೆ ಬಿಡಲಾಗಲಿಲ್ಲ. ಅದರ ಕ್ಲೈಮ್ಯಾಕ್ಸು ನಮ್ಮಕ್ಕನದು.

ನಡೆದದ್ದು

ನಮ್ಮಕ್ಕನನ್ನು ಕೊಟ್ಟಿರುವುದು ಉದ್ದನಪಲ್ಲಿಗೆ. ಭಾವನಿಗೆ ಮಾವಿನ ತೋಪಿದೆ, ರಾಗಿ ಹೊಲವಿದೆ, ದೊಡ್ಡ ಅಂಗಳದ ಮನೆಯಿದೆ, ಅಂಗಳಕ್ಕಿಂತ ದೊಡ್ಡದೊಂದು ಮೀಸೆಯಿದೆ. ಒಂದು ವರ್ಷ ಫಸಲಿನ ವಿಚಾರದಲ್ಲಿ ಭಾವನಿಗೂ ಕೃಷ್ಣಗಿರಿಯ ಒಬ್ಬ ಮಂಡಿ ವ್ಯಾಪಾರಿಗೂ ಮಾತಿಗೆ ಮಾತು ಬೆಳೆಯಿತು. ಕೊಯ್ದ ಕಾಯಿಯೆಲ್ಲ ಭಾವ ಮನೆಯೊಳಗೆ ಹಾಕಿಸಿ ಬೀಗ ಜಡಿದ. ವ್ಯಾಪಾರಿ ಒಂದು ಲಾರಿ ತುಂಬ ಜನಕ್ಕೆ ದೊಣ್ಣೆ ಕೊಟ್ಟು, ಬಾಗಿಲು ಮುರಿದಾದರೂ ಕಾಯಿ ತನ್ನಿ ಅಂತ ಕಳಿಸಿದ.

ಅವರು ಬಂದಿಳಿದಾಗ ನೆತ್ತಿಯ ಮೇಲೆ ಬಿಸಿಲು. ಭಾವ ರಾಯಕೋಟೆ ಸಂತೆಗೆ ಹೋಗಿದ್ದ. ಅಕ್ಕ ಒಬ್ಬಳೇ ಇದ್ದಳು, ತೋಪಿನಲ್ಲಿದ್ದ ಆಳುಗಳಿಗೆ ಅಂತ ಮುದ್ದೆ ತೊಳಸಿ, ಹುರುಳಿಕಾಳಿನ ಬಸ್ಸಾರು ಮಾಡಿ ಕೂತಿದ್ದಳು. ಬಾಗಿಲಿಗೆ ಬಂದು ದೊಣ್ಣೆಗಳನ್ನು ನೋಡಿದಳು, ಮುಖಗಳನ್ನೂ ನೋಡಿದಳು.

"ಏನ್ರಪ್ಪಾ, ಇಂಥ ಬಿಸ್ಲಾಗೆ ಬಂದಿದ್ದೀರಿ? ಮೊದ್ಲು ಉಣ್ಣಿ ಬನ್ನಿ. ಒಡೆಯೋದು ಬಡಿಯೋದು ಆಮ್ಯಾಕೆ ನೋಡ್ಕಳವ" ಅಂದಳು.

ಹಸಿದಿದ್ದರು. ಕೂತರು. ಉಂಡರು. ನಮ್ಮ ಕಡೆ ಒಂದು ಕಟ್ಟುಪಾಡಿದೆ: ಯಾರ ಮನೆಯಲ್ಲಿ ಉಂಡಿದ್ದೀಯೋ ಆ ಮನೆಯ ಮೇಲೆ ಕೈ ಎತ್ತುವ ಹಾಗಿಲ್ಲ. ಯಾರೂ ಬರೆದಿಟ್ಟ ಕಾನೂನಲ್ಲ, ಆದರೆ ರೌಡಿಯೂ ಮೀರುವುದಿಲ್ಲ. ಅವರ ಮುಖಂಡ ಕೈ ತೊಳೆದು, ಟವೆಲ್ಲಿನಲ್ಲಿ ಒರೆಸಿಕೊಂಡು, ಗೋಡೆಗೆ ಒರಗಿಸಿದ್ದ ತನ್ನ ದೊಣ್ಣೆಯನ್ನು ನೋಡುತ್ತ ಬಹಳ ಹೊತ್ತು ನಿಂತ. ಆಮೇಲೆ ಹೇಳಿದ:

"ತಪ್ಪಾಗೋಯ್ತಕ್ಕ. ಮೊದ್ಲು ಒಡೆದ್ಬುಟ್ಟು ಆಮ್ಯಾಕೆ ಉಣ್ಬೇಕಾಗಿತ್ತು. ಇನ್ನೇನ್ ಮಾಡಕ್ಕಾಯ್ತದೆ, ಬತ್ತೀವಿ."

ಊರಿಗೆ ಗೊತ್ತಿರುವುದು

ಲಾರಿ ಖಾಲಿ ವಾಪಸ್ಸು ಹೋಯಿತು. ವಾರದೊಳಗೆ ವ್ಯಾಪಾರಿಯೇ ಬಂದು ರಾಜಿಯಾದ. ಅಕ್ಕ ಇದನ್ನು ಯಾರಿಗೂ ಹೇಳಲು ಹೋಗಲಿಲ್ಲ, ಪಾತ್ರೆ ತೊಳೆಯುವ ಕೆಲಸವೇ ಸಾಕಷ್ಟಿತ್ತು. ಭಾವನಿಗೆ ಪಾತ್ರೆ ತೊಳೆಯುವ ಕೆಲಸ ಇರಲಿಲ್ಲ. ಅವನು ಟೀ ಅಂಗಡಿಯ ಬೆಂಚಿನ ಮೇಲೆ ಕೂತು, "ಬಂದ್ರು. ನಾನು ಸಂತೆಯಿಂದ ಬತ್ತಾ ಇದ್ದೆ. ದೂರದಿಂದ ಈ ಮೀಸೆ ಕಂಡಿದ್ದೇ ತಡ, ಲಾರಿ ರಿವರ್ಸ್ ತಗಂಡ್ರು" ಅಂತ ಹೇಳಿದ. ಹೇಳುತ್ತಾ ಹೇಳುತ್ತಾ ಅವನೇ ಅದನ್ನು ನಂಬಿದ. ಊರು ಅವನಿಗಿಂತ ಮುಂಚೆ ನಂಬಿತು.

ಅಕ್ಕ ಜಗಳದ ಹೆಂಗಸಲ್ಲ. ಆದರೆ ಒಂದು ದಿನ ನನಗೆ ತಟ್ಟೆ ಇಟ್ಟು ಹೇಳಿದಳು: "ನೀನು ಸಿನ್ಮಾಕ್ ಬರೀತೀಯಲ್ಲಾ, ಅವತ್ತು ನಡೆದಿದ್ದು ನಡೆದಂಗೆ ಒಂದ್ಸಲ ತೋರ್ಸ್ಲಾ. ನನ್ ಹೆಸ್ರು ಬ್ಯಾಡ. ಸಾರು ಗೆಲ್ತು ಅಂತ ಊರಿಗೆ ಗೊತ್ತಾದ್ರೆ ಸಾಕು."

ಆಗಲಿ ಅಂದೆ. ಬಾಯಲ್ಲಿ ಮುದ್ದೆ ಇದ್ದಾಗ ಇಲ್ಲ ಅನ್ನುವುದು ಕಷ್ಟ.

ಪ್ರೊಡ್ಯೂಸರ್ ಅತ್ತದ್ದು

ಪ್ರೊಡ್ಯೂಸರಿಗೆ ಕೃಷ್ಣಗಿರಿ ರಸ್ತೆಯಲ್ಲಿ ಕಲ್ಲು ಕ್ವಾರಿ. ಬಂಡೆ ಸಿಡಿಸುವ ಸದ್ದಿನ ಮಧ್ಯೆ ಕಥೆ ಹೇಳಿದೆ. ಕ್ಲೈಮ್ಯಾಕ್ಸಿಗೆ ಬಂದಾಗ ಅವರ ಕಣ್ಣಲ್ಲಿ ನಿಜವಾಗಿ ನೀರು ಬಂತು.

"ಮೇಷ್ಟ್ರೇ, ನಮ್ಮಮ್ಮ ನೆನಪಾದ್ರು. ಈ ಸೀನನ್ನ ಯಾರೂ ಮುಟ್ಟಬಾರದು. ಮುಟ್ಟಿದ್ರೆ ಕೈ ಕತ್ತರಿಸ್ತೀನಿ."

ಅವರು ಕರ್ಚೀಫಿನಿಂದ ಮೂಗು ಒರೆಸಿಕೊಂಡು ಕೇಳಿದರು, "ಫೈಟು ಊಟ ಆದ್ಮೇಲೆ ತಾನೆ?"

"ಫೈಟ್ ಇಲ್ಲ ಸಾರ್. ಉಂಡಮೇಲೆ ಹೊಡೆಯೋ ಹಾಗಿಲ್ಲ, ಅದೇ ವಿಷಯ."

"ಹಾಗಾದ್ರೆ ಊಟಕ್ಕೆ ಮುಂಚೆ ಇಟ್ಕೊಳ್ಳೋಣ."

"ಮುಂಚೆ ಹೊಡೆಸಿಕೊಂಡವರು ಯಾಕೆ ಸಾರ್ ಕೂತು ಉಣ್ತಾರೆ?"

ಪ್ರೊಡ್ಯೂಸರ್ ನನ್ನ ಕಡೆ ಕನಿಕರದಿಂದ ನೋಡಿದರು. "ಅಷ್ಟೊಂದು ಹೊಡೆಸಿಕೊಂಡ ಮೇಲೆ ಹಸಿವಾಗಲ್ವಾ ಮೇಷ್ಟ್ರೇ?"

ಎರಡನೇ ಡ್ರಾಫ್ಟಿನಲ್ಲಿ ಫೈಟು ಮುಂಚೆ ಬಂತು, ಊಟ ಆಮೇಲೆ. ಸೀನನ್ನು ಯಾರೂ ಮುಟ್ಟಿರಲಿಲ್ಲ, ಹಿಂದುಮುಂದಾಗಿತ್ತು ಅಷ್ಟೆ.

ಹೀರೋ ಸಂತೆಗೆ ಹೋದದ್ದು

ಹೀರೋ ಕಣ್ಣು ಮುಚ್ಚಿಕೊಂಡು ಕಥೆ ಕೇಳುವವರು. ನಿದ್ದೆಯೋ ತಲ್ಲೀನತೆಯೋ ಗೊತ್ತಾಗುವುದಿಲ್ಲ. ಕ್ಲೈಮ್ಯಾಕ್ಸು ಮುಗಿದ ಮೇಲೆ ಒಂದು ಕಣ್ಣು ತೆರೆದರು.

"ಊಟ ಹಾಕೋದು ಯಾರು?"

"ನಿಮ್ಮ ತಾಯಿ ಸಾರ್."

"ಆಗ ನಾನೆಲ್ಲಿರ್ತೀನಿ?"

ಮೊದಲ ಡ್ರಾಫ್ಟಿನ ಚಟ. ಬಾಯಿ ಜಾರಿ "ಸಂತೆಯಲ್ಲಿ" ಅಂದುಬಿಟ್ಟೆ.

ಎರಡನೇ ಕಣ್ಣೂ ತೆರೆಯಿತು. "ಕ್ಲೈಮ್ಯಾಕ್ಸಲ್ಲಿ ಹೀರೋ ಸಂತೆಯಲ್ಲಿ ಏನ್ರೀ ಮಾಡ್ತಿರ್ತಾನೆ? ಕೊತ್ತಂಬರಿ ಸೊಪ್ಪು ಕೊಳ್ತಿರ್ತಾನಾ?"

ಸಂತೆಯನ್ನು ಹೊಡೆದುಹಾಕಿದೆ. ಹಾಗಾದರೆ ಹೀರೋನೇ ಬಡಿಸಲಿ ಅಂದೆ. ಹೀರೋ ಬಗ್ಗಿ ಬಡಿಸಿದರೆ ಅಭಿಮಾನಿಗಳು ಒಪ್ಪುವುದಿಲ್ಲ ಅಂದರು ಅವರ ಮ್ಯಾನೇಜರು. ನಿಂತೇ ಬಡಿಸಲಿ ಅಂದರೆ ರೌಡಿಗಳೂ ನಿಂತೇ ಉಣ್ಣಬೇಕು, ಅದು ಮದುವೆಯ ಬಫೆಯಂತೆ ಕಾಣುತ್ತದೆ. ಕೊನೆಗೆ ಡೈರೆಕ್ಟರಿಗೆ ದಾರಿ ಹೊಳೆಯಿತು: ತಾಯಿಯನ್ನು ಇಂಟರ್ವಲ್‌ಗೆ ಮುಂಚೆಯೇ ಸಾಯಿಸೋಣ, ಹೀರೋಗೆ ಸಿಟ್ಟೂ ಬರುತ್ತದೆ, ಬಡಿಸುವ ರಗಳೆಯೂ ಇರುವುದಿಲ್ಲ.

ಆ ವಾರ ಅಕ್ಕ ಫೋನ್ ಮಾಡಿದಳು. "ನಾನ್ ಬರೋದು ಯಾವಾಗ್ಲಾ? ಕೊನೇಲಲ್ವಾ?"

"ಸ್ವಲ್ಪ ಮುಂಚೇನೇ ಬರ್ತೀಯಕ್ಕ."

"ಕೊನೇಗೆ ಏನ್ ಮಾಡ್ತಿರ್ತೀನಿ?"

"ಗೋಡೇ ಮೇಲಿರ್ತೀಯ."

"ಮುದ್ದೆ ತೊಳ್ಸೋರು ಯಾರ್ಲಾ ಮತ್ತೆ?" ಅಂತ ಕೇಳಿದಳು. ತಾನು ಸತ್ತದ್ದು ಅವಳಿಗೆ ಅಷ್ಟು ದೊಡ್ಡ ವಿಷಯ ಅನ್ನಿಸಲಿಲ್ಲ.

ಎರಡು ಭಾಷೆಯ ಅಕ್ಕ

ಸಿನಿಮಾ ಕನ್ನಡದಲ್ಲೂ ತಮಿಳಿನಲ್ಲೂ ಒಟ್ಟಿಗೆ ತಯಾರಾಗುತ್ತಿತ್ತು. ತಮಿಳು ಹಂಚಿಕೆದಾರರು ತಾಯಿ ಸತ್ತರೆ ತಮ್ಮ ಕಡೆ ಸಿನಿಮಾ ಓಡುವುದಿಲ್ಲ ಅಂತ ಪಟ್ಟು ಹಿಡಿದರು. ಕನ್ನಡದವರು ಸಾಯದಿದ್ದರೆ ಓಡುವುದಿಲ್ಲ ಅಂದರು. ತಮಿಳು ಮಾತು ಬರೆಯುತ್ತಿದ್ದವರು ನಮ್ಮ ಶಾಲೆಯ ತಮಿಳು ಮೇಷ್ಟ್ರೇ, ತೊರಪಲ್ಲಿ ಅಗ್ರಹಾರದಿಂದ ದಿನಾ ಸೈಕಲ್ಲಿನಲ್ಲಿ ಬರುವವರು. ಸ್ಟಾಫ್ ರೂಮಿನಲ್ಲಿ ಇಬ್ಬರೂ ಎದುರುಬದುರು ಕೂತು ಬರೆಯುತ್ತಿದ್ದೆವು.

ನನ್ನ ಸಪ್ಪೆ ಮುಖ ನೋಡಲಾರದೆ ಅವರು ಒಂದು ದಿನ ಬೆನ್ನು ತಟ್ಟಿದರು. "ಕವಲೆ ಪಡಬೇಡಿ ಸಾರ್, ಚಿಂತೆ ಬೇಡ. ನಿಮ್ಮಕ್ಕ ನನ್ನ ಹತ್ರ ಚೆನ್ನಾಗಿದ್ದಾರೆ. ಇವತ್ತು ಮಗನಿಗೆ ತಲೆಗೆ ಎಣ್ಣೆ ಹಚ್ಚಿದ್ರು."

ಹೀಗೆ ನಮ್ಮಕ್ಕ ಒಂದಷ್ಟು ದಿನ ಕನ್ನಡದಲ್ಲಿ ಸತ್ತು ತಮಿಳಿನಲ್ಲಿ ಬದುಕಿದ್ದಳು. ಆಮೇಲೆ ಎರಡೆರಡು ಸಲ ಶೂಟಿಂಗ್ ಮಾಡಲು ಪ್ರೊಡ್ಯೂಸರ್ ಒಪ್ಪದ್ದರಿಂದ ಕನ್ನಡದಲ್ಲೂ ಎದ್ದು ಕೂತಳು. ಬಡಿಸುವ ಕೆಲಸವೂ ವಾಪಸ್ಸು ಸಿಕ್ಕಿತು, ಫೈಟಾದ ಮೇಲೆ, ಒಂದೇ ಒಂದು ಶಾಟು.

ಊಟ ನಿಜವಾದ್ದು

ಕ್ಲೈಮ್ಯಾಕ್ಸನ್ನು ಉದ್ದನಪಲ್ಲಿಯಲ್ಲಿ, ಅಕ್ಕನ ಮನೆಯಲ್ಲೇ ತೆಗೆಯುವುದು ಅಂತ ಡೈರೆಕ್ಟರ್ ನಿರ್ಧರಿಸಿದರು. ಅಂಗಳ ದೊಡ್ಡದು, ಬೀಳುವವರಿಗೆ ಜಾಗ ಸಾಕಾಗುತ್ತದೆ ಅಂತ. ರೌಡಿಗಳ ಪಾತ್ರಕ್ಕೆ ಸುತ್ತಮುತ್ತಲ ಊರಿನವರನ್ನೇ ಹಿಡಿದರು. ಬೆಳಿಗ್ಗೆಯೆಲ್ಲ ಅವರು ದೊಣ್ಣೆ ಹಿಡಿದು ಓಡಿಬರುವುದನ್ನು ತೆಗೆದಾಯಿತು. ಬಹಳ ಚೆನ್ನಾಗಿ ಓಡಿದರು. ನೋಡಿದರೆ ನನಗೇ ಭಯವಾಯಿತು.

ಮಧ್ಯಾಹ್ನ ಕಂಪನಿಯ ಊಟದ ವ್ಯಾನು ಬಂತು. ಅಕ್ಕ ಅದನ್ನು ಗೇಟಿನಲ್ಲೇ ತಡೆದಳು. "ನಮ್ಮ ಅಂಗಳ್ದಾಗೆ ಕುಂತು ಬ್ಯಾರೇ ಕಡೆ ಅನ್ನ ಉಣ್ಣೋದಾ? ಚೆನ್ನಾಗೈತೆ ಕಣ್ರಪ್ಪ" ಅಂದಳು. ಬೆಳಗಿನ ಜಾವದಿಂದಲೇ ಅಡುಗೆ ಮಾಡಿ ಇಟ್ಟಿದ್ದಳು. ಎಲ್ಲರೂ ಸಾಲಾಗಿ ಕೂತು ಮುದ್ದೆ ನುಂಗಿದರು.

ಊಟ ಮುಗಿಯಿತು. ಚೆನ್ನೈನಿಂದ ಬಂದಿದ್ದ ಫೈಟ್ ಮಾಸ್ಟರ್ ಸೀಟಿ ಊದಿದರು. ಬಾಗಿಲು ಒದೆಯಬೇಕು, ಹೀರೋ ಮೇಲೆ ನುಗ್ಗಬೇಕು. ಯಾರೂ ಅಲ್ಲಾಡಲಿಲ್ಲ. ಮತ್ತೆ ಊದಿದರು. ಸಾಲಿನ ಮುಂದಿದ್ದ ರೈತ ದೊಣ್ಣೆಯನ್ನು ನೆಲಕ್ಕೆ ಇಟ್ಟ.

"ಆಗಲ್ಲ ಸಾರ್. ಉಂಡ್ಬುಟ್ಟಿದ್ದೀವಿ."

ಡೈರೆಕ್ಟರ್ ಕುರ್ಚಿಯಿಂದ ಎದ್ದು ಬಂದರು. "ರೀ, ಇದು ಆಕ್ಟಿಂಗ್ ರೀ!"

"ಒದೆಯೋದು ಆಕ್ಟಿಂಗೇ ಸಾರ್, ಒಪ್ಪಿದ್ವಿ. ಊಟ ನಿಜವಾದ್ದಲ್ವಾ?"

ನನ್ನ ಸುಸ್ತೆಲ್ಲ ಎಲ್ಲಿ ಹೋಯಿತೋ, ಕ್ಯಾಮೆರಾದ ಹತ್ತಿರ ಓಡಿದೆ. "ಸಾರ್, ಇದೇ ಸಾರ್! ನಾನು ಬರೆದದ್ದು ಇದೇ! ಸುಮ್ಮನೆ ಕ್ಯಾಮೆರಾ ಆನ್ ಮಾಡಿ, ಅವರ ಮುಖ ತೆಗೆಯಿರಿ!" ಅಂತ ಕಿರುಚಿದೆ. ಅಕ್ಕ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಆ ಗಳಿಗೆ ತೆರೆಗೆ ಬಂದಿದ್ದರೆ ನಾನು ಬರೆಯುವುದನ್ನೇ ನಿಲ್ಲಿಸಿ ಸುಖವಾಗಿ ಇರುತ್ತಿದ್ದೆ.

ಡೈರೆಕ್ಟರ್ ನನ್ನನ್ನು ನೋಡಿದರು, ಅಂಗಳವನ್ನು ನೋಡಿದರು, ಅಕ್ಕನನ್ನು ನೋಡಿದರು. ಆಮೇಲೆ ಪ್ರೊಡಕ್ಷನ್ ಮ್ಯಾನೇಜರನ್ನು ಕರೆದು ಹೇಳಿದರು, "ನಾಳೆ ಚೆನ್ನೈನಿಂದ ಸ್ಟಂಟ್‌ನವರನ್ನ ಕರೆಸಿ. ಪ್ಯಾಕಪ್ ಆಗೋವರೆಗೂ ಈ ಹೆಂಗಸು ಅವರಿಗೆ ಏನೂ ಕೊಡದ ಹಾಗೆ ನೋಡ್ಕೊಳ್ಳಿ. ನೀರು ಕೂಡ."

ಬನ್ನು

ಮರುದಿನ ಸ್ಟಂಟ್‌ನವರು ಬಂದರು. ಒಳ್ಳೆಯ ಆಳುಗಳು, ಎಲ್ಲರೂ "ಅಕ್ಕಾ, ವಣಕ್ಕಂ" ಅಂದರು. ಮ್ಯಾನೇಜರು ಅವರನ್ನು ರಸ್ತೆಯ ಆಚೆ ಹುಣಸೆ ಮರದ ಕೆಳಗೆ ಕೂರಿಸಿ ತಲೆಗೊಂದು ಬನ್ನು ಕೊಡಿಸಿದ. ಅಕ್ಕ ಸಾರಿನ ಪಾತ್ರೆ ಎತ್ತಿಕೊಂಡು ಗೇಟಿನವರೆಗೂ ಹೋದಳು, ಮ್ಯಾನೇಜರು ಕೈ ಅಡ್ಡ ಹಿಡಿದ. ಮತ್ತೆ ಹಿತ್ತಲಿನಿಂದ ಸುತ್ತಿ ಹೋದಳು, ಅಲ್ಲೂ ಒಬ್ಬನನ್ನು ನಿಲ್ಲಿಸಿದ್ದರು. ಬನ್ನು ತಿಂದು ಬಂದವರು ಅಂಗಳದ ತುಂಬ ಹಾರಿ ಹಾರಿ ಬಿದ್ದರು. ಹೀರೋ ಒಬ್ಬೊಬ್ಬರನ್ನೇ ಒದ್ದರು. ಊಟದ ಶಾಟಿಗೆ ಬರುವ ಹೊತ್ತಿಗೆ ಬಿಸಿಲು ಹೋಯಿತು. "ಅದನ್ನ ಎಡಿಟಿಂಗಲ್ಲಿ ನೋಡ್ಕೊಳ್ಳೋಣ" ಅಂದರು ಡೈರೆಕ್ಟರ್. ತೆಗೆಯದ ಶಾಟನ್ನು ಎಡಿಟಿಂಗಿನಲ್ಲಿ ಹೇಗೆ ನೋಡಿಕೊಳ್ಳುತ್ತಾರೆ ಅಂತ ನಾನು ಕೇಳಲಿಲ್ಲ. ಕೇಳುವ ವಯಸ್ಸು ದಾಟಿದೆ.

ಅಷ್ಟೆಲ್ಲ ಗದ್ದಲದ ನಡುವೆ ಭಾವನ ಹಸು ಅಂಗಳದ ಮೂಲೆಯಲ್ಲಿ ಹುಲ್ಲು ಮೆಲುಕು ಹಾಕುತ್ತ ನಿಂತೇ ಇತ್ತು. ತಿಂದು ಸುಮ್ಮನಿದ್ದು, ಮೊದಲ ಡ್ರಾಫ್ಟಿನ ಪ್ರಕಾರ ನಟಿಸಿದ್ದು ಅದೊಂದೇ.

ಡಬ್ಬಿಂಗು

ಶೂಟಿಂಗ್ ಮುಗಿದರೆ ಕಥೆ ಮುಗಿಯಿತು ಅಂತ ತಿಳಿದವರು ಡಬ್ಬಿಂಗ್ ನೋಡಿಲ್ಲ. ಕೃಷ್ಣಗಿರಿ ಕಡೆ ಸಿನಿಮಾ ಕೊಂಡವರು ಮಾವಿನ ವ್ಯಾಪಾರಿ. ವಿಲನ್ನು ಮಾವಿನ ವ್ಯಾಪಾರಿಯಾದರೆ ತಾವು ತಲೆ ಎತ್ತಿ ತಿರುಗುವುದು ಹೇಗೆ ಅಂದರು. ನ್ಯಾಯವಾದ ಮಾತು. ಡಬ್ಬಿಂಗಿನಲ್ಲಿ ವಿಲನ್ನು ವಜ್ರದ ಕಳ್ಳಸಾಗಣೆದಾರನಾದ. ಆದರೆ ತೆರೆಯ ಮೇಲೆ ಎಲ್ಲಿ ನೋಡಿದರೂ ಮಾವಿನಕಾಯಿ, ಬುಟ್ಟಿಯಲ್ಲಿ, ಲಾರಿಯಲ್ಲಿ, ವಿಲನ್ನಿನ ಕೈಯಲ್ಲೇ ಒಂದು.

"ಕಾಯಿಯೊಳಗೆ ವಜ್ರ ಅಡಗಿಸಿದ್ದಾರೆ ಅಂತ ಒಂದು ಲೈನ್ ಬರೀರಿ ಮೇಷ್ಟ್ರೇ" ಅಂದರು ಡೈರೆಕ್ಟರ್.

"ವಿಲನ್ ಆ ಸೀನಲ್ಲಿ ಕಾಯಿ ಕಚ್ಚಿ ತಿಂತಾನೆ ಸಾರ್."

ಡೈರೆಕ್ಟರ್ ಯೋಚಿಸಿದರು. "ಅಷ್ಟು ಶ್ರೀಮಂತ ಅಂತ ಇಟ್ಕೊಳ್ಳಿ."

ಬಿಡುಗಡೆ

ಹೊಸೂರಿನ ಥಿಯೇಟರಿಗೆ ಉದ್ದನಪಲ್ಲಿಯಿಂದ ಟೆಂಪೋ ಮಾಡಿಕೊಂಡು ಊರೇ ಬಂತು. ಬರಬೇಡ ಅಂತ ಅಕ್ಕನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ರೇಷ್ಮೆ ಸೀರೆ ಉಟ್ಟಿದ್ದಳು. ಪಕ್ಕದಲ್ಲಿ ಭಾವ, ಮೀಸೆಗೆ ಎಣ್ಣೆ ಹಾಕಿ ತಿರುವಿಕೊಂಡು.

ಕ್ಲೈಮ್ಯಾಕ್ಸು ಬಂತು. ಅಂಗಳ ಕಂಡ ಕೂಡಲೇ ಊರವರು ಶಿಳ್ಳೆ ಹೊಡೆದರು. ಹಸು ಕಂಡಾಗ ಇನ್ನೂ ಜೋರಾಗಿ ಹೊಡೆದರು. ಹೀರೋ ಎಲ್ಲಿಂದಲೋ ನಡೆದು ಬರುತ್ತಾನೆ, ಶೂಟಿಂಗಿನ ದಿನ ಇಲ್ಲದ ಒಂದು ಮೀಸೆ ಅವನಿಗೆ ಹೇಗೋ ಅಂಟಿಕೊಂಡಿದೆ, ಅದನ್ನು ತಿರುವುತ್ತಾನೆ. ರೌಡಿಗಳು ಗಡಗಡ ನಡುಗುತ್ತಾರೆ. ಆಮೇಲೆ ಒಬ್ಬೊಬ್ಬರೇ ಸಾಯುತ್ತಾರೆ. ತಾಯಿ ಬಾಗಿಲಲ್ಲಿ ನಿಂತು ಕಣ್ಣೀರು ಹಾಕುತ್ತಾಳೆ. ಊಟದ ಶಾಟು ಇಲ್ಲ. ಸಾರು ಎಲ್ಲೂ ಇಲ್ಲ.

ಭಾವ ಸೀಟಿನಿಂದ ಎದ್ದೇ ಬಿಟ್ಟ. ತಿರುಗಿ ಊರವರಿಗೆಲ್ಲ ಕೈ ತೋರಿಸಿ ಕೂಗಿದ, "ನೋಡ್ರೋ! ಇದೇ ಕಣ್ರೋ ನಡೆದಿದ್ದು! ನಾನ್ ಹೇಳಿರ್ಲಿಲ್ವಾ!" ಹೊರಗೆ ಬಂದ ಮೇಲೆ ನನ್ನನ್ನು ತಬ್ಬಿಕೊಂಡ. "ಬಾಮೈದ, ಬರೆದ್ರೆ ಹಿಂಗ್ ಬರೀಬೇಕು. ಒಂದಕ್ಷರ ಸುಳ್ಳಿಲ್ಲ ನೋಡು."

ಇಷ್ಟು ವರ್ಷಗಳಲ್ಲಿ ನನ್ನ ಬರವಣಿಗೆಯನ್ನು ಸತ್ಯವಾದದ್ದು ಅಂತ ಹೊಗಳಿದವನು ಅವನೊಬ್ಬನೇ. ನನಗೆ ಅಳು ಬಂತು. ಅಕ್ಕ ನೆಟ್ಟಗೆ ಹೋಗಿ ಟೆಂಪೋ ಹತ್ತಿದಳು. ಬೈದಿದ್ದರೆ ವಾಸಿಯಾಗಿತ್ತು. ಅವಳು ಕೇಳಿದ್ದು ಒಂದೇ ಒಂದು, ಅದನ್ನೂ ನಾನು ಉಳಿಸಿಕೊಡಲಾಗಲಿಲ್ಲ.

ಕ್ಷಮೆ ಕೇಳೋಣ ಅಂತ ಮುಂದಿನ ಅಮಾವಾಸ್ಯೆಯ ದಿನ ಉದ್ದನಪಲ್ಲಿಗೆ ಹೋದೆ. ಅಂಗಳ ಸಾರಿಸಿತ್ತು. ಮೂಲೆಯಿಂದ ಗೇಟಿನವರೆಗೂ, ಸಿನಿಮಾದಲ್ಲಿ ರೌಡಿಗಳು ಬಿದ್ದ ಜಾಗದಲ್ಲೆಲ್ಲ, ಬಾಳೆ ಎಲೆ ಹಾಕಿತ್ತು. ಒಂದೊಂದರ ಮೇಲೂ ಮುದ್ದೆ, ಬಸ್ಸಾರು, ಪಲ್ಯ, ಪಕ್ಕದಲ್ಲೊಂದು ಲೋಟ ನೀರು. ನಮ್ಮ ಕಡೆ ಸತ್ತ ಹಿರಿಯರಿಗೆ ಇಡುವ ಎಡೆ ಹಾಗಿರುತ್ತದೆ. ಭಾವ ಜಗಲಿಯ ಮೇಲೆ ಕೂತು, "ನಿಮ್ಮಕ್ಕಂಗೆ ತಲೆ ಕೆಟ್ಟೈತೆ, ನೀನೇ ಕೇಳು" ಅಂದ.

"ಯಾರಿಗಕ್ಕಾ ಎಡೆ?"

"ಆ ಚೆನ್ನೈ ಹೈಕ್ಳಿಗೆ ಕಣ್ಲಾ. ಸಿನ್ಮಾ ಅಂತ ನಂಗೂ ಗೊತ್ತು. ಆದ್ರೂ ಊರೋರೆಲ್ಲಾ ನೋಡವ್ರೆ, ನಮ್ಮ ಅಂಗಳ್ದಾಗೆ ಅಷ್ಟು ಜನ ಸತ್ರು. ಒಂದೊಂದು ಬನ್ನು ತಿಂದು ಸತ್ರು ಕಣ್ಲಾ. ಈ ಮನೇಗೆ ಬಂದೋರು ಉಣ್ಣದಂಗೆ ಹೋದ್ರು ಅನ್ನಿಸ್ಕಂಡು ನಾನು ಹೆಂಗಿರ್ಲಿ?"

ಸತ್ಯ ತೋರಿಸಲಿಲ್ಲ ಅಂತ ಅವಳಿಗೆ ಬೇಸರವಿರಲಿಲ್ಲ, ಊಟ ಹಾಕಲಿಲ್ಲ ಅಂತ ಬೇಸರ. ಸಮಾಧಾನ ಮಾಡೋಣ ಅಂತ, "ಅಕ್ಕಾ, ಅವ್ರ್ಯಾರೂ ಸತ್ತಿಲ್ಲ. ಎಲ್ಲಾ ಚೆನ್ನೈನಲ್ಲಿ ಆರಾಮಾಗಿ ಬದುಕವ್ರೆ" ಅಂದೆ.

ಅಕ್ಕ ಎಲೆಗೆ ಉಪ್ಪು ಇಡುತ್ತಿದ್ದವಳು ತಟ್ಟನೆ ತಲೆ ಎತ್ತಿದಳು.

"ಬದುಕಿದ್ರೆ ಬರಾಕ್ ಹೇಳ್ಲಾ, ಇದು ಆರೋಗ್ತೈತೆ. ಬಿಸೀದು ಇಕ್ತೀನಿ."